ರಾಗವಿಲ್ಲದ ಸಿಳ್ಳೆ

ಭಾವ ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕಲು ಶುರು ಮಾಡಿ ಮೂರು ತಿಂಗಳಾಗಿತ್ತು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಬೇಕಾದ ಜಾಗದಲ್ಲಿ ಕಟ್ಟಡದ ಮಾಲೀಕ ಹಳೆಯ ಪೈಪು, ಬಣ್ಣದ ಡಬ್ಬ ತುಂಬಿಟ್ಟು ಬೀಗ ಜಡಿದಿದ್ದ. ಒಟ್ಟು ಅರವತ್ತು ಮೆಟ್ಟಿಲು, ನಡುವೆ ಐದು ತಿರುವು. ಮೊದಲ ತಿರುವಿನವರೆಗೆ ಭಾವನ ಮಾತು ಕೇಳಿಸುತ್ತಿತ್ತು. ಎರಡನೆಯದಕ್ಕೆ ಮಾತು ನಿಂತು ಸಿಳ್ಳೆ ಹೊರಡುತ್ತಿತ್ತು. ಅಡುಗೆಮನೆಯಲ್ಲಿದ್ದ ಅಕ್ಕ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಿವಿಗೊಟ್ಟು ನಗುತ್ತಿದ್ದಳು.

"ಕೇಳಿದ್ಯೇನೇ? ನಲವತ್ತಮೂರಕ್ಕೆ ನಮ್ಮ ಯಜಮಾನರಿಗೆ ಸಿಳ್ಳೆ ಹೊಡೆಯೋ ವಯಸ್ಸು ಬಂತು."

ತಂಗಿಗೆ ನಗು ಬರುತ್ತಿರಲಿಲ್ಲ. ಆ ಸಿಳ್ಳೆಗೆ ರಾಗವೇ ಇರಲಿಲ್ಲ. ಯಾವ ಹಾಡಿನ ತುಣುಕೂ ಅಲ್ಲ ಅದು. ತುಟಿ ಕಿರಿದು ಮಾಡಿ ಉದ್ದಕ್ಕೆ ಬಿಟ್ಟ ಒಂದು ಗಾಳಿ, ಆಮೇಲೆ ಗಬಕ್ಕನೆ ಒಂದು ಸೆಳೆತ, ಮತ್ತೆ ಅದೇ ಉದ್ದನೆಯ ಗಾಳಿ. ಇಂಥ ಸಿಳ್ಳೆಯನ್ನು ಅವಳು ವಾರಕ್ಕೆ ಹತ್ತು ಸಲವಾದರೂ ಕೇಳುತ್ತಿದ್ದಳು. ಅದನ್ನು ಕೇಳಿಸಿಕೊಳ್ಳುವುದಕ್ಕೇ ಅವಳಿಗೆ ಸಂಬಳ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ಕೋಣೆಯನ್ನೂ ದಾಟಿ, ಕಾರಿಡಾರಿನ ಕೊಟ್ಟಕೊನೆಗೆ ಕಿಟಕಿಯಿಲ್ಲದ ಒಂದು ಕೋಣೆ. ಅದರ ನಡುವೆ ಓಡುವ ಪಟ್ಟಿಯ ಟ್ರೆಡ್‌ಮಿಲ್. ಬಂದವರ ಮೂಗಿಗೆ ಕ್ಲಿಪ್ ಸಿಕ್ಕಿಸಿ, ಬಾಯಿಗೆ ರಬ್ಬರ್ ಕೊಳವೆ ಕೊಟ್ಟು, ತುಟಿಯನ್ನು ಅದರ ಸುತ್ತ ಬಿಗಿಯಾಗಿ ಮುಚ್ಚಿಸಿ, ಮೊದಲು ನಡೆಸಿ ಆಮೇಲೆ ಏರಿನಲ್ಲಿ ಓಡಿಸುವುದು ಅವಳ ಕೆಲಸ. ಕೊಳವೆಯ ಇನ್ನೊಂದು ತುದಿಯಲ್ಲಿದ್ದ ಯಂತ್ರ ಒಂದೊಂದು ಉಸಿರನ್ನೂ ಅಳೆದು ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಪಕ್ಕದಲ್ಲಿ ನಿಂತು ಅವಳು ಹೇಳುತ್ತಿದ್ದದ್ದು ಎರಡೇ ಮಾತು. ತಗೊಳ್ಳಿ. ಬಿಡಿ. ಎಂಟು ಗಂಟೆ ದುಡಿದು ಮನೆಗೆ ಬಂದರೆ ಆ ಎರಡು ಮಾತೂ ಖರ್ಚಾಗಿ ಹೋಗಿರುತ್ತಿದ್ದವು.

ಅವಳ ದನಿ ಅಷ್ಟು ಸಣ್ಣದು. ಪದವಿ ಮುಗಿಸಿ, ಈ ಕೆಲಸ ಸಿಕ್ಕಿ, ಅಕ್ಕನ ಮನೆಗೆ ಪೆಟ್ಟಿಗೆ ತಂದಿಟ್ಟ ದಿನವೇ ಭಾವ ಅವಳಿಗೆ 'ಸೈಲೆನ್ಸರ್' ಎಂದು ಹೆಸರಿಟ್ಟಿದ್ದ. ಆಸ್ಪತ್ರೆಯಲ್ಲೂ ಅದೇ ಪಾಡು. ಗೋಡೆಯಲ್ಲೊಂದು ಸಣ್ಣ ಕಿಂಡಿ, ಆಚೆಗೆ ದಾಖಲೆ ಬರೆಯುವ ಹೆಂಗಸು. ವಯಸ್ಸಿನಲ್ಲಿ ಹಿರಿಯಳೆಂದು ಎಲ್ಲರೂ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಇವಳು ತೂಕ, ಎತ್ತರ ನೋಡಿ ಕೂಗಿ ಹೇಳಬೇಕು, ದೊಡ್ಡಮ್ಮ ಅದನ್ನು ಕಂಪ್ಯೂಟರಿಗೆ ಹಾಕಬೇಕು. ಆದರೆ ಇವಳು ಕೂಗಿದ್ದು ಕಿಂಡಿ ದಾಟುತ್ತಲೇ ಇರಲಿಲ್ಲ. "ಬಾಯಿ ಬಿಟ್ಟು ಹೇಳಮ್ಮಾ, ಸೊಳ್ಳೆ ಕೂಡ ಕಿವಿ ಹತ್ರ ಬಂದ್ರೆ ಇದಕ್ಕಿಂತ ಜೋರಾಗಿ ವಿಷಯ ತಿಳಿಸಿ ಹೋಗುತ್ತೆ" ಎಂದು ದೊಡ್ಡಮ್ಮ ಗೊಣಗುವುದು, ಒಮ್ಮೊಮ್ಮೆ ತಪ್ಪು ಅಂಕಿ ಬರೆದು ಆಮೇಲೆ ತಿದ್ದುವುದು, ನೆಲಮಾಳಿಗೆಗೆಲ್ಲ ಗೊತ್ತಿದ್ದ ತಮಾಷೆಯಾಗಿತ್ತು.

ಬಾಯಲ್ಲಿ ಆಡದ್ದನ್ನು ಅವಳು ಡೈರಿಯಲ್ಲಿ ಬರೆಯುತ್ತಿದ್ದಳು. ಈಚೆಗೆ ಅದರ ಕೊನೆಯ ಪುಟಗಳಲ್ಲಿ ಬರೀ ಅಂಕಿಗಳಿದ್ದವು. ಭಾವ ಒಂದು ಉಸಿರಿಗೆ ಎಷ್ಟು ಪದ ಆಡುತ್ತಾನೆ ಎಂಬ ಲೆಕ್ಕ. ವರ್ಷದ ಮೊದಲಿಗೆ ಕೂತಲ್ಲಿ ಹದಿನೆಂಟು, ಮೆಟ್ಟಿಲಲ್ಲಿ ಹನ್ನೊಂದು. ಈಗ ಕೂತಲ್ಲಿ ಹನ್ನೆರಡು, ಮೆಟ್ಟಿಲಲ್ಲಿ ನಾಲ್ಕು. ಮನೆಯಲ್ಲಿ ಯಾರಿಗೂ ಅದು ಕಾಣಲಿಲ್ಲ, ಯಾಕೆಂದರೆ ಭಾವನಷ್ಟು ಚೆನ್ನಾಗಿ ಮಾತಾಡುವವರು ಆ ಬೀದಿಯಲ್ಲೇ ಇರಲಿಲ್ಲ. ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿ, "ಆಮೇಲೆ ಏನಾಯ್ತು ಗೊತ್ತಾ..." ಎಂದು ನಿಲ್ಲಿಸುತ್ತಿದ್ದ. ಕೇಳುವವರು ಕಾಯುತ್ತಿದ್ದರು. ಆತ ಸಿಳ್ಳೆ ಹಾಕಿ, ಮತ್ತೆ ನಾಲ್ಕು ಪದ ಹೇಳುತ್ತಿದ್ದ. ಕಥೆಯನ್ನು ಎಲ್ಲಿ ತಡೆಯಬೇಕು ಎನ್ನುವುದನ್ನು ಇವರಿಂದ ಕಲೀಬೇಕು ಎಂದು ಅಕ್ಕ ಹೆಮ್ಮೆಪಡುತ್ತಿದ್ದಳು. ಬೆಳಿಗ್ಗೆ ಆತ ಬಚ್ಚಲಿನಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ ತುಂಬಿ ಹರಿದರೂ ನಿಲ್ಲಿಸದೆ ಒಳಗೆ ಅರ್ಧ ಗಂಟೆ ಇರುತ್ತಿದ್ದುದಕ್ಕೆ ಮಾತ್ರ ಬೈಯುತ್ತಿದ್ದಳು. ನೀರಿನ ಸದ್ದಿನ ಹಿಂದಿದ್ದ ಕೆಮ್ಮು ಅಕ್ಕನಿಗೆ ಕೇಳುತ್ತಿರಲಿಲ್ಲ.

ಭಾವ ಅಗ್ನಿಶಾಮಕ ದಳದಲ್ಲಿ ಒಳಗೆ ನುಗ್ಗುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಬೆನ್ನಿಗೆ ಗಾಳಿ ಸಿಲಿಂಡರು, ಮುಖಕ್ಕೆ ಮುಖವಾಡ, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿಗೆ ಜೋಡಿ. ಜೋಡಿಯ ಹೆಸರು ಏಣಿ. ಬಾಗಿಲು ಬಗ್ಗಿಯೇ ದಾಟಬೇಕಾದಷ್ಟು ಎತ್ತರದ ಆಳು, ಅದಕ್ಕೇ ಠಾಣೆಯವರಿಟ್ಟ ಹೆಸರು. ಒಳಗೆ ಹೋದವರು ಒಬ್ಬರನ್ನೊಬ್ಬರು ಬಿಟ್ಟು ಬರುವ ಹಾಗಿಲ್ಲ, ಅಷ್ಟೇ ಅವರ ಕಟ್ಟಳೆ. ಬೆಂಕಿ ಉರಿಯುವಾಗ ಭಾವ ಮುಖವಾಡವನ್ನು ಎಂದೂ ತೆಗೆದವನಲ್ಲ. ಆದರೆ ಆರಿದ ಮೇಲೆ, ಇನ್ನೂ ಹೊಗೆಯಾಡುವ ಬೂದಿಯನ್ನು ಗಂಟೆಗಟ್ಟಲೆ ಕೆದಕುವಾಗ, ಆ ಭಾರ ಯಾಕೆಂದು ಬಿಚ್ಚಿಡುತ್ತಿದ್ದ. ಎಲ್ಲರೂ ಹಾಗೇ ಮಾಡುತ್ತಿದ್ದರು. ಎಲ್ಲರಿಗೂ ಒಂದೇ ಥರ ಆಗಲಿಲ್ಲ, ಅಷ್ಟೇ.

ಒಂದು ಸಂಜೆ ಅವಳು ತರಕಾರಿ ಚೀಲ ಹಿಡಿದು ಭಾವನ ಹಿಂದೆಯೇ ಹತ್ತುತ್ತಿದ್ದಳು. ಮೂರನೆಯ ತಿರುವಿನಲ್ಲಿ ಆತ ನಿಂತು, ಮಾತನ್ನು ತುಂಡು ತುಂಡಾಗಿ ಹೇಳತೊಡಗಿದ. ಅವಳ ತುಟಿ ತನಗೇ ತಿಳಿಯದೆ ಅಲುಗಾಡುತ್ತಿತ್ತು. ಆತ ಥಟ್ಟನೆ ಕಥೆ ಬಿಟ್ಟ.

"ಏನು ಎಣಿಸ್ತಿದ್ದೀಯ?"

ಸುಳ್ಳು ಹೇಳುವುದಕ್ಕೂ ಸ್ವಲ್ಪ ದನಿ ಬೇಕು. ಅವಳಲ್ಲಿ ಅಷ್ಟೂ ಇರಲಿಲ್ಲ. "ನಿಮ್ಮ ಮಾತು, ಭಾವ."

ಆತ ಗೋಡೆಗೊರಗಿದ. ಮೇಲೆ ಯಾವುದೋ ಮನೆಯಲ್ಲಿ ಕುಕ್ಕರ್ ಕೂಗಿತು. ಅದು ನಿಲ್ಲುವವರೆಗೆ ಕಾದು, ಆತ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಈ ವರ್ಷದಿಂದ ನಲವತ್ತು ದಾಟಿ ಮುಖವಾಡ ಹಾಕುವವರಿಗೆಲ್ಲ ಪರೀಕ್ಷೆಯಂತೆ. ಗುರುವಾರ ಅವನ ಸರದಿ, ಅವಳ ಕೋಣೆಯಲ್ಲೇ. ಆಗದಿದ್ದವರಿಗೆ ಬೆಂಕಿಯ ಕೆಲಸ ಬಿಡಿಸಿ ಠಾಣೆಯ ಟೆಲಿಫೋನ್ ಮೇಜು. ತಾನು ಸಿಳ್ಳೆಯಲ್ಲಿ ಹೇಗೋ ಸಂಭಾಳಿಸುತ್ತೇನೆ, ಪರೀಕ್ಷೆಯ ಸುದ್ದಿ ಬಂದ ಮೇಲೆ ಆರು ವಾರದಿಂದ ಇದೇ ಮೆಟ್ಟಿಲಲ್ಲಿ ಅಭ್ಯಾಸ ಮಾಡಿದ್ದೇನೆ, ಆದರೂ ಸ್ವಲ್ಪ ಕಮ್ಮಿ ಬೀಳಬಹುದು ಎಂದ. ಪರೀಕ್ಷೆ ಮುಗಿಸಿದ ಇನ್ನೊಂದು ಠಾಣೆಯವರಿಂದ ಆತ ಲೆಕ್ಕವನ್ನೂ ತಿಳಿದುಕೊಂಡಿದ್ದ. ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಿತು ಎಂದು ಅಳೆದು, ಅದನ್ನು ತೂಕದಿಂದ ಭಾಗಿಸುತ್ತಾರೆ. ಮೂವತ್ತೈದು ಬಂದರೆ ಸಾಕು. ತೂಕ ಕಮ್ಮಿಯಿದ್ದರೆ ಉತ್ತರ ತಾನಾಗಿ ಹೆಚ್ಚುತ್ತದೆ.

"ನಾನು ಎಂಬತ್ತೊಂಬತ್ತು ಕಿಲೋ. ಎಪ್ಪತ್ತೊಂಬತ್ತು ಅಂತ ಆಗ್ಲಿ. ಕೇಳೋರಿಗೆ ಎರಡೂ ಒಂದೇ ಥರ ಕೇಳ್ಸುತ್ತೆ. ಅದ್ರಲ್ಲೂ ನೀನು ಹೇಳಿದ್ರೆ..." ಒಂದು ಸಿಳ್ಳೆ. "ನಿನ್ನ ಮೇಲೆ ಯಾರೂ ಬೆರಳು ತೋರ್ಸಲ್ಲ."

ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಟೆಲಿಫೋನ್ ಹತ್ರ ಕೂತ್ರೆ ನಾನು ಸತ್ತ ಹಾಗೇ ಕಣೇ. ಯಾರ ಹತ್ರಾನೂ ಉಸಿರು ಬಿಡಬೇಡ. ಅಕ್ಕನ ಹತ್ರ ಅಂತೂ ಉಸಿರೇ ಬಿಡಬೇಡ."

ಆ ಮಾತು ಹೇಳಿದ್ದು ದಿನವಿಡೀ ಜನರಿಗೆ ಉಸಿರು ಬಿಡಿ ಎನ್ನುವವಳಿಗೆ. ಮುಂದಿನ ನಾಲ್ಕು ದಿನ ಮನೆ ಚಿಕ್ಕದಾಗುತ್ತ ಹೋಯಿತು. ಊಟದ ಮೇಜಿನಲ್ಲಿ ಅಕ್ಕ ಒಂದು ಕಡೆ, ಭಾವ ಒಂದು ಕಡೆ, ನಡುವೆ ಗೋಡೆಗೆ ಒತ್ತಿದ ಕುರ್ಚಿಯಲ್ಲಿ ಅವಳು. ಎದ್ದು ಹೋಗಬೇಕಾದರೆ ಇಬ್ಬರಲ್ಲಿ ಒಬ್ಬರು ಏಳಲೇಬೇಕು. ಗುರುವಾರ ಪರೀಕ್ಷೆ ಇದೆ ಎಂಬುದಷ್ಟೇ ಅಕ್ಕನಿಗೆ ಗೊತ್ತಿತ್ತು. ಯಾಕೆ ಮುಖ ಹೀಗೆ ಇಟ್ಕೊಂಡಿದ್ದೀಯ ಎಂದು ಅಕ್ಕ ಕೇಳಿದರೆ ಭಾವನೇ ಉತ್ತರ ಕೊಡುತ್ತಿದ್ದ, ಸೈಲೆನ್ಸರ್‌ಗೆ ಹೊಗೆ ಕಟ್ಟಿದೆ ಬಿಡು ಎಂದು. ಅಕ್ಕ ನಗುತ್ತಿದ್ದಳು. ತಂಗಿ ತಟ್ಟೆ ನೋಡುತ್ತಿದ್ದಳು. ಡೈರಿ ತೆರೆದರೆ ಪೆನ್ನು ಕೂಡ ಓಡಲಿಲ್ಲ. ಅಕ್ಕ ಗುಡಿಸಲು ಬಂದಾಗ ಅದು ಕಣ್ಣಿಗೆ ಬಿದ್ದರೆ ಎಂದು ಬಟ್ಟೆಗಳ ಅಡಿಗೆ ತಳ್ಳಿದಳು. ಹೇಳಿದರೆ ಭಾವನನ್ನು ಅವಳೇ ಆ ಟೆಲಿಫೋನ್ ಮೇಜಿಗೆ ಕಟ್ಟಿಹಾಕಿದ ಹಾಗೆ. ಹೇಳದಿದ್ದರೆ... ಆ ವಾಕ್ಯವನ್ನು ಅವಳು ಮನಸ್ಸಿನಲ್ಲೂ ಮುಗಿಸಲಿಲ್ಲ.

ಗುರುವಾರ ಹನ್ನೊಂದಕ್ಕೆ ಠಾಣೆಯವರು ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತರು. ಮೊದಲು ಏಣಿ. ಟ್ರೆಡ್‌ಮಿಲ್ ಮೇಲೆ ನಿಂತರೆ ಅವನ ತಲೆ ದೀಪಕ್ಕೆ ತಾಗುವಂತಿತ್ತು. ಕೊಳವೆ ಕಚ್ಚುವ ಮುಂಚೆ ಆತ ಅವಳಿಗೆ, "ನಿಮ್ಮ ಭಾವ ಹಗ್ಗದ ಆ ಕಡೆ ಇದ್ರೆ ನಾನು ಕಣ್ಣು ಮುಚ್ಚಿ ಒಳಗೆ ಹೋಗ್ತೀನಿ" ಎಂದ. "ಹೇಗಿದ್ರೂ ಹೊಗೇಲಿ ಕಣ್ಣು ಕಾಣಲ್ಲ, ಅದು ಬೇರೆ ವಿಷಯ."

ಅವನ ಉಸಿರು ಪಾಠದ ಪುಸ್ತಕದಲ್ಲಿದ್ದ ಹಾಗಿತ್ತು. ನಿಂತಿದ್ದಾಗ ಒಂದು ಉಸಿರಿಗೆ ಅರ್ಧ ಲೀಟರು, ನಿಮಿಷಕ್ಕೆ ಹದಿನಾಲ್ಕು. ಪಟ್ಟಿ ವೇಗವಾದಂತೆ ಕಾಲಿನ ಸ್ನಾಯು ಇನ್ನಷ್ಟು ಬೇಡಿತು, ಎದೆ ಅವಸರವಿಲ್ಲದೆ ಒದಗಿಸಿತು. ಮೊದಲು ಉಸಿರು ಆಳವಾಯಿತು, ಒಂದು ಲೀಟರು, ಒಂದೂವರೆ, ಎರಡೂವರೆ. ಇನ್ನು ಆಳಕ್ಕೆ ಜಾಗವಿಲ್ಲ ಎಂದಾದ ಮೇಲೆ ವೇಗ ಹೆಚ್ಚಿತು. ಸುಮ್ಮನಿದ್ದಾಗ ಗಾಳಿ ತಾನಾಗಿ ಹೊರಗೆ ಹೋಗುತ್ತದೆ, ಎಳೆದ ರಬ್ಬರು ಸಡಿಲವಾದಂತೆ. ಓಡುವಾಗ ಅದಕ್ಕೆ ಪುರುಸೊತ್ತಿಲ್ಲ, ಹೊಟ್ಟೆಯ ಸ್ನಾಯುಗಳು ಹಿಂಡಿ ದಬ್ಬಬೇಕು. ಏಣಿಯ ಹೊಟ್ಟೆ ತಿದಿಯ ಹಾಗೆ ಹಿಂಡಿ ದಬ್ಬಿತು. ನಿಮಿಷಕ್ಕೆ ನೂರು ಲೀಟರಿನ ಮೇಲೆ ಗಾಳಿ ಹೋಗಿ ಬಂತು. ಒಂದೊಂದು ಉಸಿರೂ ಪೂರ್ತಿ ಖಾಲಿಯಾಗಿ ಮುಂದಿನದಕ್ಕೆ ಜಾಗ ಬಿಟ್ಟುಕೊಟ್ಟಿತು. ನಲವತ್ತೊಂದು ಎಂದು ಪರದೆ ತೋರಿಸಿತು. ಆತ ಬೆವರು ಒರೆಸಿಕೊಂಡು ಬಗ್ಗಿ ಹೊರಗೆ ಹೋದ.

ಭಾವ ಒಳಗೆ ಬಂದು ತೂಕದ ಯಂತ್ರದ ಮೇಲೆ ನಿಂತ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅಂಕಿ ಎಂಬತ್ತೊಂಬತ್ತಕ್ಕೆ ಬಂದು ನಿಂತಿತು. ಅವಳು ಕಿಂಡಿಯ ಕಡೆಗೆ ತಿರುಗಿ ಹೇಳಿದಳು. ನಿಜವಾದದ್ದನ್ನೇ ಹೇಳಿದಳು, ಆದರೆ ಎಂದಿನ ದನಿಯಲ್ಲಿ, ಎಂದಿಗಿಂತ ಒಂದು ಎಳೆ ಕಮ್ಮಿ.

"ಎಪ್ಪತ್ತೊಂಬತ್ತಾ?" ಎಂದಳು ದೊಡ್ಡಮ್ಮ.

ಅವಳು ಸುಮ್ಮನಿದ್ದಳು. ಇಪ್ಪತ್ತನಾಲ್ಕು ವರ್ಷ ಸುಮ್ಮನಿದ್ದು ಬಂದವಳು, ಇನ್ನೊಂದು ಕ್ಷಣ ಸುಮ್ಮನಿರುವುದು ಏನೇನೂ ಕಷ್ಟವಾಗಲಿಲ್ಲ. ಕಿಂಡಿಯಾಚೆ ಕೀಲಿಗಳು ಟಕಟಕ ಎಂದವು. ಸುಳ್ಳು ಹೇಳದೆಯೇ ಸುಳ್ಳಾಗಿ ಹೋಗಿತ್ತು.

ಭಾವನ ಮೂಗಿಗೆ ಕ್ಲಿಪ್ ಸಿಕ್ಕಿಸಿದಳು. ಕೊಳವೆಯನ್ನು ಬಾಯಿಗೆ ಕೊಟ್ಟು, ತುಟಿ ಬಿಗಿಯಾಗಿ ಮುಚ್ಚಿ ಎಂದಾಗ ಆತನ ಕಣ್ಣು ಅವಳ ಕಡೆ ಹೊರಳಿತು. ಆ ಕೊಳವೆಯ ಸಂಗತಿ ಆತನಿಗೆ ಯಾರೂ ಹೇಳಿರಲಿಲ್ಲ. ತುಟಿಗಳ ನಡುವೆ ಹೆಬ್ಬೆರಳಿಗಿಂತ ದಪ್ಪನೆಯ ರಬ್ಬರು. ಇನ್ನು ತುಟಿ ಕಿರಿದು ಮಾಡಿ, ಒಳಗಿನ ನಾಳ ಮುಚ್ಚದ ಹಾಗೆ ಗಾಳಿಯನ್ನು ನಿಧಾನಕ್ಕೆ ಬಿಡುವಂತಿಲ್ಲ. ಆರು ವಾರ ಅಭ್ಯಾಸ ಮಾಡಿದ ಸಿಳ್ಳೆ ಬಾಗಿಲಾಚೆಯೇ ಉಳಿಯಿತು.

ಪಟ್ಟಿ ಓಡತೊಡಗಿತು. ಮೂರು ನಿಮಿಷ ಎಲ್ಲ ಸರಿಯಿತ್ತು. ನಾಲ್ಕನೆಯದಕ್ಕೆ ಏರು ಹೆಚ್ಚಿದಾಗ ಪರದೆಯ ಗೆರೆ ನಿಧಾನಕ್ಕೆ ಮೇಲೆ ಸರಿಯಿತು. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುತ್ತಿರಲಿಲ್ಲ. ಕಿರಿದಾದ ನಾಳಗಳು ಅರ್ಧದಲ್ಲೇ ಮುಚ್ಚಿಕೊಳ್ಳುತ್ತಿದ್ದವು. ಹೊರಗೆ ಬಿಡಲು ಒಂದು ಸೆಕೆಂಡೂ ಸಿಗದೆ, ಉಳಿದದ್ದರ ಮೇಲೆಯೇ ಮುಂದಿನ ಉಸಿರು ಬಂದು ಕೂರುತ್ತಿತ್ತು, ಅದರ ಮೇಲೆ ಇನ್ನೊಂದು. ಇಳಿಯುವವರನ್ನು ಇಳಿಯಲು ಬಿಡದೆ ಹತ್ತುವವರು ನುಗ್ಗಿದ ಬಸ್ಸಿನ ಹಾಗೆ ಎದೆ ತುಂಬಿತು. ಭುಜಗಳು ಕಿವಿಯವರೆಗೆ ಏರಿದವು, ಕತ್ತಿನ ನರಗಳು ಹಗ್ಗದಂತೆ ಎದ್ದವು. ನೋಡುವವರಿಗೆ ಗಾಳಿ ಸಾಲದೆ ಒದ್ದಾಡುವ ಹಾಗೆ ಕಾಣುತ್ತಿತ್ತು. ಆದರೆ ಅವಳಿಗೆ ಗೊತ್ತಿತ್ತು, ಗಾಳಿ ಸಾಲದೆ ಅಲ್ಲ, ಒಳಗಿದ್ದದ್ದನ್ನು ಬಿಡಲಾಗದೆ.

ಬಾಯಿ ತೆರೆಯಲಾಗದವರಿಗಾಗಿ ಮುಂದೆ ಒಂದು ಹಲಗೆಯಿತ್ತು. ಸೊನ್ನೆಯಿಂದ ಹತ್ತು, ಎಷ್ಟು ಏದುಸಿರು ಎಂದು ಬೆರಳಿಟ್ಟು ತೋರಿಸಬೇಕು. ಅವಳು ಹಲಗೆ ಹಿಡಿದಳು. ಆತನ ಬೆರಳು ಬಂದು ಮೂರರ ಮೇಲೆ ನಿಂತಿತು. ಸಾಧಾರಣ.

ನಿಲ್ಲಿಸಬೇಕೆನಿಸಿದರೆ ಕೈ ಎತ್ತಿ ಎಂದು ಎಲ್ಲರಿಗೂ ಮೊದಲೇ ಹೇಳುವುದುಂಟು. ಭಾವನ ಎರಡೂ ಕೈ ಮತ್ತೆ ಕಂಬಿಯನ್ನು ಕಚ್ಚಿ ಹಿಡಿದಿದ್ದವು. ಎತ್ತುವ ಕೈಗಳಲ್ಲ ಅವು. ಆತ ಬಿದ್ದರೆ ಇಲ್ಲಿ ಅವಳಿದ್ದಾಳೆ, ಮೇಲಿನ ಮಹಡಿಯಲ್ಲಿ ಡಾಕ್ಟರಿದ್ದಾರೆ. ಅಲ್ಲಿ ಹೊಗೆಯೊಳಗೆ ಬಿದ್ದರೆ ಹಗ್ಗದ ಆ ಕಡೆ ಏಣಿ ಇರುತ್ತಾನೆ, ಕಣ್ಣು ಮುಚ್ಚಿಕೊಂಡು. ಬಿಟ್ಟು ಬರುವವನಲ್ಲ ಅವನು. ಮುಗಿಸದೆ ಇಟ್ಟಿದ್ದ ವಾಕ್ಯ ತಾನಾಗಿ ಮುಗಿಯಿತು.

ಅವಳು ಕೆಂಪು ಗುಂಡಿ ಒತ್ತಿದಳು. ಪಟ್ಟಿ ನಿಧಾನವಾಗಿ ನಿಂತಿತು. ಕ್ಲಿಪ್ ತೆಗೆದು, ಕೊಳವೆ ಬಿಡಿಸಿ, ಕುರ್ಚಿಗೆ ಕೂರಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿದಳು. "ಬಿಡಿ, ಭಾವ. ತಗೊಳ್ಳೋದು ಆಮೇಲೆ. ಮೊದಲು ಬಿಡಿ." ಆತನ ತುಟಿ ತಾನಾಗಿ ಕಿರಿದಾಯಿತು. ಸಿಳ್ಳೆ ಬಂತು. ಹತ್ತು ಸಿಳ್ಳೆಯಾದ ಮೇಲೆ ಮುಖಕ್ಕೆ ಬಣ್ಣ ಮರಳಿತು.

ಪರದೆಯ ಮೇಲೆ ಉತ್ತರ ಬಂದಿತ್ತು. ಮೂವತ್ತೇಳು. ಕೆಳಗೆ ಹಸಿರು ಅಕ್ಷರದಲ್ಲಿ, ಅರ್ಹ. ಡಾಕ್ಟರ್ ಸಂಜೆ ಬಂದು ಆ ಒಂದು ಪದ ನೋಡಿ ಸಹಿ ಹಾಕುತ್ತಾರೆ. ಗೆರೆಗಳನ್ನು ಯಾರೂ ತಿರುವಿ ನೋಡುವುದಿಲ್ಲ. ಭಾವನಿಗೂ ಪರದೆ ಕಂಡಿತು. ಮಾತಿಲ್ಲದೆ ಹೆಬ್ಬೆರಳು ಎತ್ತಿ ನಕ್ಕ. ಅಕ್ಕನ ಮನೆಗೆ ಬಂದಾಗಿನಿಂದ ಅವಳು ಆತ ಮಾತಿಲ್ಲದೆ ನಕ್ಕದ್ದನ್ನು ನೋಡಿರಲಿಲ್ಲ.

"ಆಯ್ತಾ? ಮುಂದಿನವರನ್ನ ಕಳಿಸ್ಲಾ?" ಎಂದು ಕಿಂಡಿ ಕೇಳಿತು.

"ದೊಡ್ಡಮ್ಮ, ತೂಕ ತಪ್ಪಾಗಿದೆ" ಎಂದಳು ಅವಳು.

"ಏನಂದೆ?"

ಭಾವನ ಹೆಬ್ಬೆರಳು ಇನ್ನೂ ಮೇಲೆಯೇ ಇತ್ತು, ನಗು ಮಾತ್ರ ಇಳಿಯುತ್ತಿತ್ತು. ಆತ ತಲೆಯನ್ನು ಚೂರೇ ಚೂರು ಅಡ್ಡ ಆಡಿಸಿದ. ಏನಿಲ್ಲ ಎಂದುಬಿಟ್ಟರೆ ಸಾಕಿತ್ತು. ಏನೂ ಹೇಳದಿದ್ದರೂ ಸಾಕಿತ್ತು. ಅವಳಿಗೆ ತಾನು ಎಷ್ಟು ಹೊತ್ತಿನಿಂದ ಉಸಿರು ಹಿಡಿದು ನಿಂತಿದ್ದೇನೆ ಎಂಬುದು ಆಗ ತಿಳಿಯಿತು. ಹೊಟ್ಟೆ ಗಟ್ಟಿಯಾಯಿತು, ಪಕ್ಕೆಗಳು ಒಳಗೆ ಸರಿದವು, ದಿನಕ್ಕೆ ಇಪ್ಪತ್ತು ಮಂದಿಗೆ ಅವಳು ಮಾಡಿಸುತ್ತಿದ್ದದ್ದನ್ನು ಅವಳ ದೇಹ ತಾನೇ ಮಾಡಿತು.

"ಎಪ್ಪತ್ತಲ್ಲ. ಎಂಬತ್ತೊಂಬತ್ತು. ಎಂಟು, ಒಂಬತ್ತು."

ದನಿ ಕಿಂಡಿ ದಾಟಿತು. ಬಾಗಿಲನ್ನೂ ದಾಟಿತು. ಕಾರಿಡಾರಿನ ಬೆಂಚಿನ ಮೇಲೆ ನಡೆಯುತ್ತಿದ್ದ ಹರಟೆ ನಿಂತಿತು. ದೊಡ್ಡಮ್ಮ ಕಿಂಡಿಯಲ್ಲಿ ಕನ್ನಡಕ ಇಳಿಸಿ ನೋಡಿ, ತಮಾಷೆಗೆ ಏನೋ ಹೇಳಹೋಗಿ, ಒಳಗಿನ ಇಬ್ಬರ ಮುಖ ಕಂಡು ಹೇಳದೆ, ಕೀಲಿ ಒತ್ತಿದಳು. ಪರದೆಯಲ್ಲಿ ಮೂವತ್ತೇಳು ಹೋಗಿ ಮೂವತ್ತಮೂರಾಯಿತು. ಹಸಿರು ಪದ ಅಳಿಸಿಹೋಯಿತು.

ಭಾವ ಎದ್ದು ಶರ್ಟಿನ ಗುಂಡಿ ಹಾಕಿಕೊಂಡ. ಒಂದು ಗುಂಡಿ ತಪ್ಪಿ ಮೇಲಿನದಕ್ಕೆ ಹೋಗಿತ್ತು. ಅದನ್ನು ಹೇಳಲು ಅವಳಿಗೆ ಧೈರ್ಯವಾಗಲಿಲ್ಲ. ಬಾಗಿಲಲ್ಲಿ ಏಣಿ ಬಗ್ಗಿ ಇಣುಕಿ, ಏನಾಯ್ತಣ್ಣಾ ಎಂದು ಕೇಳಿದ. ಭಾವ ಅವನನ್ನು ಸರಿಸಿಕೊಂಡು ಹೊರಟುಹೋದ. ಅವಳು ಕ್ಲಿಪ್ ಒರೆಸಿ ಮುಂದಿನವನನ್ನು ಕರೆದಳು.

ಸಂಜೆ ಅವಳು ಕಟ್ಟಡದ ಕೆಳಗೆ ಬಂದಾಗ ಭಾವ ಮೊದಲ ಮೆಟ್ಟಿಲ ಮೇಲೆ ಕೂತಿದ್ದ. ಶರ್ಟಿನ ಗುಂಡಿ ಇನ್ನೂ ಹಾಗೇ ಇತ್ತು. ಎಷ್ಟು ಹೊತ್ತಿನಿಂದ ಕೂತಿದ್ದನೋ. ಮೆಟ್ಟಿಲು ಇಕ್ಕಟ್ಟು, ದಾಟಿ ಹೋಗಲು ಜಾಗವಿರಲಿಲ್ಲ. ಅವಳು ನಿಂತಳು. ಆತ ಎದ್ದು ಹತ್ತತೊಡಗಿದ, ಅವಳು ಎರಡು ಮೆಟ್ಟಿಲು ಬಿಟ್ಟು ಹಿಂಬಾಲಿಸಿದಳು. ಮೊದಲ ತಿರುವಿನಲ್ಲಿ ಮಾತಿಲ್ಲ. ಎರಡನೆಯದರಲ್ಲಿ ಸಿಳ್ಳೆಯೂ ಇಲ್ಲ. ಹಟ ಹಿಡಿದವನಂತೆ ಬಾಯಿ ಬಿಗಿದು ಹತ್ತಿದ. ಮೂರನೆಯದರಲ್ಲಿ ಕಾಲು ನಿಂತಿತು. ಗೋಡೆಗೆ ಅಂಗೈ ಊರಿದ. ಭುಜ ಏರಿತು, ಇಳಿಯಲಿಲ್ಲ.

ಅವಳು ಆತನ ಮುಖ ನೋಡದೆ, ತನ್ನ ತುಟಿ ಕಿರಿದು ಮಾಡಿ, ಉದ್ದಕ್ಕೆ ಗಾಳಿ ಬಿಟ್ಟಳು. ಅವಳಿಗೆ ಸಿಳ್ಳೆ ಬರುತ್ತಿರಲಿಲ್ಲ, ಬರೀ ಸುಯ್ ಎಂದಿತು. ಮತ್ತೊಮ್ಮೆ ಬಿಟ್ಟಳು. ಮೂರನೆಯ ಸಲಕ್ಕೆ ಆತನೂ ಸೇರಿದ. ಇಬ್ಬರೂ ಆ ತಿರುವಿನಲ್ಲಿ ಗಾಳಿ ಬಿಡುತ್ತ ನಿಂತರು.

ಮೇಲೆ ಬಾಗಿಲು ತೆರೆದ ಸದ್ದಾಯಿತು. "ಏನ್ರೀ, ಇವತ್ತು ಜೋಡಿ ಸಿಳ್ಳೇನಾ?" ಅಕ್ಕನ ನಗು ಮೆಟ್ಟಿಲಿಳಿದು ಬಂತು. "ಪಾಸಾದ್ರಿ ತಾನೆ?"

ಭಾವ ಮೇಲಕ್ಕೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟಿತ್ತೋ ಬೇರೆ ಏನಿತ್ತೋ, ಆ ಮಬ್ಬಿನಲ್ಲಿ ಗೊತ್ತಾಗಲಿಲ್ಲ.

"ಅವಳಿಗೆ ನಾನೇ ಹೇಳ್ತೀನಿ" ಎಂದ. ಒಂದು ಸಿಳ್ಳೆ. "ಅಲ್ಲೀವರೆಗೆ ನೀನು ಉಸಿರು..."

ಅಲ್ಲಿಗೆ ನಿಂತಿತು. ಗಾಳಿ ಸಾಲದೆ ನಿಂತಿತೋ, ಆ ಮಾತು ಆಡಲು ಮನಸ್ಸು ಬಾರದೆ ನಿಂತಿತೋ, ಅವಳು ಎಣಿಸಲಿಲ್ಲ. ಇನ್ನೂ ಮೂವತ್ತು ಮೆಟ್ಟಿಲಿದ್ದವು. ಆತ ಕಂಬಿ ಹಿಡಿದು ಮುಂದಿನದಕ್ಕೆ ಕಾಲಿಟ್ಟ. ಅವಳು ಈ ಸಲ ಎರಡು ಮೆಟ್ಟಿಲು ಹಿಂದೆ ಉಳಿಯದೆ, ಆ ಇಕ್ಕಟ್ಟಿನಲ್ಲೇ ಗೋಡೆಗೆ ಭುಜ ಉಜ್ಜಿಕೊಂಡು, ಪಕ್ಕದಲ್ಲಿ ಹತ್ತಿದಳು.